ಕಂಪ್ಯೂಟರ್ ಬಂದರೂ ಕೆಲಸ ಏಕೆ ಕೆಡುತ್ತದೆ?

(ಪಡುಬಿದ್ರಿಯಲ್ಲಿ ನಡೆದ ಶಿಕ್ಷಕ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಂಸ್ಥೆಯ ಹಾಜರಿ, ಶುಲ್ಕ, ವಿದ್ಯಾರ್ಥಿವೇತನ, ಝಕಾತ್ ನಿಧಿಯ ಲೆಕ್ಕ ಎಲ್ಲವನ್ನೂ ಒಂದೇ ಸಾಫ್ಟ್‌ವೇರಿಗೆ ತರಬೇಕೆಂಬ ಮಾತು ಸಮಿತಿಯಲ್ಲಿ ನಡೆಯುತ್ತಿದೆ. ಒಳ್ಳೆಯ ಯೋಚನೆ. ಆದರೆ ಹಣ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮಗಿಂತ ನೂರು ಪಾಲು ಹಣ, ಸಾವಿರ ಪಾಲು ಸಿಬ್ಬಂದಿ ಇರುವ ಸಂಸ್ಥೆಗಳಲ್ಲೂ ಇಂತಹ ಯೋಜನೆಗಳು ಏಕೆ ಮುಗ್ಗರಿಸುತ್ತವೆ? ಯಂತ್ರ ಕೆಟ್ಟು ಹೋಗುವುದರಿಂದಲೇ? ನಾನು ನೋಡಿದ, ಓದಿದ ಮಟ್ಟಿಗೆ ಹೇಳುವುದಾದರೆ ಯಂತ್ರ ಕೆಟ್ಟದ್ದು ಬಹಳ ಕಡಿಮೆ. ಕೆಟ್ಟದ್ದು ಹೆಚ್ಚಾಗಿ ಯಂತ್ರದ ಸುತ್ತಲಿನ ವ್ಯವಸ್ಥೆ.

ನಮ್ಮ ರಾಜ್ಯದ ಪಹಣಿಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ‘ಭೂಮಿ’ ಯೋಜನೆ ಎಲ್ಲರಿಗೂ ಗೊತ್ತು. 2000ದ ಆಸುಪಾಸಿನಲ್ಲಿ ಆರಂಭವಾಗಿ, ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳುತನದಲ್ಲಿ ಎರಡು ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಸಿಗುತ್ತಿತ್ತು. ದೇಶ ವಿದೇಶಗಳಲ್ಲಿ ಈ ಯೋಜನೆಯನ್ನು ಹೊಗಳಿದರು. ಆದರೆ ಅದಕ್ಕಿಂತ ಮೊದಲೇ ಇದೇ ರಾಜ್ಯದಲ್ಲಿ ಇದೇ ಕೆಲಸಕ್ಕೆ ಒಂದು ಪ್ರಯತ್ನ ನಡೆದಿತ್ತೆಂಬುದು ಹೆಚ್ಚಿನವರಿಗೆ ತಿಳಿಯದು. 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಅದು ನಿಂತ ನೀರಾಯಿತು. ಕಾರಣ ಬಹಳ ಸರಳ. ಪಹಣಿಯನ್ನು ತಿದ್ದುವುದು ತಾಲೂಕಿನಲ್ಲಿ. ಆದರೆ ತಾಲೂಕಿಗೆ ಕಂಪ್ಯೂಟರ್ ಕೊಡಲು ಆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ. ಒಮ್ಮೆ ಕಷ್ಟಪಟ್ಟು ತುಂಬಿಸಿದ ವಿವರ ಒಂದೆಡೆ ಉಳಿಯಿತು. ಮಾರಾಟ, ಪಾಲು, ವಾರಸು ಎಂದು ಜಮೀನು ಕೈ ಬದಲಾದದ್ದೆಲ್ಲ ಇನ್ನೊಂದೆಡೆ ಕೈಬರಹದಲ್ಲಿ ಮುಂದುವರಿಯಿತು. ಕೆಲವೇ ಸಮಯದಲ್ಲಿ ಕಂಪ್ಯೂಟರಿನ ಪಹಣಿ ಹಳತಾಗುತ್ತದೆ. ಹಳತಾದ ಪಹಣಿಯನ್ನು ಯಾರು ಕೇಳುತ್ತಾರೆ?

‘ಭೂಮಿ’ ಈ ತಪ್ಪನ್ನು ತಿದ್ದಿಕೊಂಡಿತು. ಯಂತ್ರ ತಾಲೂಕಿಗೇ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರ್ ಪಹಣಿ ಸಿದ್ಧವಾದ ತಾಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಘೋಷಿಸಿತು. ಸಿಬ್ಬಂದಿಯ ಬೆರಳಚ್ಚು ಇಲ್ಲದೆ ದಾಖಲೆ ತಿದ್ದುವಂತಿರಲಿಲ್ಲ. ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಇತ್ಯರ್ಥವಾಗಬೇಕಿತ್ತು. ಇವು ತಂತ್ರಜ್ಞಾನದ ತೀರ್ಮಾನಗಳಲ್ಲ, ಆಡಳಿತದ ತೀರ್ಮಾನಗಳು. ಮಾಡುವ ಧೈರ್ಯ ಬೇಕಿತ್ತು, ಏಕೆಂದರೆ ಅಷ್ಟು ವರ್ಷ ಗ್ರಾಮ ಲೆಕ್ಕಿಗರ ಬಗಲಲ್ಲಿದ್ದ ಪುಸ್ತಕ ಅವರ ಕೈ ಬಿಟ್ಟು ಹೋಗುತ್ತಿತ್ತು.

ನಮ್ಮ ಸಂಸ್ಥೆಗಳಲ್ಲಿ ಆಗುವುದು 1991ರ ಕಥೆಯೇ. ಸಾಫ್ಟ್‌ವೇರ್ ಬರುತ್ತದೆ, ಹಳೆಯ ದಪ್ಪ ರಿಜಿಸ್ಟರ್ ಕೂಡ ಹಾಗೆಯೇ ಇರುತ್ತದೆ. ಕ್ಲಾರ್ಕ್ ಎರಡು ಕಡೆ ಬರೆಯಬೇಕು. ಪರೀಕ್ಷೆಯ ಸಮಯದಲ್ಲಿ ಒಂದು ಕಡೆ ಬಿಟ್ಟು ಹೋಗುತ್ತದೆ. ಬಿಟ್ಟು ಹೋಗುವುದು ಯಾವಾಗಲೂ ಕಂಪ್ಯೂಟರಿನದ್ದೇ, ಏಕೆಂದರೆ ತಪಾಸಣೆಗೆ ಬರುವವರು ಕೇಳುವುದು ರಿಜಿಸ್ಟರನ್ನು. ಎರಡನ್ನೂ ಎಷ್ಟು ತಿಂಗಳು ಜೊತೆಯಾಗಿ ನಡೆಸುತ್ತೇವೆ, ಯಾವ ದಿನದಿಂದ ಹಳೆಯದನ್ನು ಮುಚ್ಚುತ್ತೇವೆ ಎಂಬುದನ್ನು ಮೊದಲೇ ಬರೆದಿಡದ ಸಮಿತಿ ಸಾಫ್ಟ್‌ವೇರ್ ಕೊಳ್ಳದಿರುವುದೇ ಮೇಲು.

ಶಾಲೆಗಳ ಕಡೆಗೆ ಬರೋಣ. 2001-02ರಲ್ಲಿ ಕರ್ನಾಟಕ ಸರ್ಕಾರ ‘ಮಾಹಿತಿ ಸಿಂಧು’ ಎಂಬ ಯೋಜನೆಯಡಿ ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕೊಟ್ಟಿತು. ಯಂತ್ರ ತರುವುದು, ನಿರ್ವಹಿಸುವುದು, ಪಾಠ ಮಾಡಲು ಜನ ನೇಮಿಸುವುದು ಎಲ್ಲವನ್ನೂ ಖಾಸಗಿ ಕಂಪನಿಗಳಿಗೆ ಗುತ್ತಿಗೆಗೆ ವಹಿಸಲಾಯಿತು. ಮಕ್ಕಳು ಕಲಿಯಲಿಲ್ಲವೆಂದು ನಾನು ಹೇಳುವುದಿಲ್ಲ. ಮೊದಲ ಬಾರಿ ಮೌಸ್ ಹಿಡಿದ ಎಷ್ಟೋ ಹಳ್ಳಿ ಮಕ್ಕಳಿಗೆ ಅದೇ ಬಾಗಿಲು. ಆದರೆ ಕಂಪನಿಯ ಬೋಧಕರು ಕಂಪನಿಯವರು, ಶಾಲೆಯ ಶಿಕ್ಷಕರು ಶಾಲೆಯವರು. ಕಂಪ್ಯೂಟರ್ ಕೊಠಡಿ ಶಾಲೆಯೊಳಗಿನ ಒಂದು ಅತಿಥಿಗೃಹದಂತಾಯಿತು. ಗುತ್ತಿಗೆ ಮುಗಿಯಿತು, ಬೋಧಕರು ಹೊರಟರು, ಬೀಗ ಬಿತ್ತು. ಗಣಿತದ ಮೇಷ್ಟ್ರಿಗೂ ಕನ್ನಡದ ಟೀಚರಿಗೂ ಆ ಯಂತ್ರ ತಮ್ಮದೆಂದು ಅನಿಸಿರಲೇ ಇಲ್ಲ.

ಅದೇ ಹೊತ್ತಿಗೆ ಗಡಿಯ ಆಚೆ, ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ, ‘ಐಟಿ@ಸ್ಕೂಲ್’ ಯೋಜನೆ ಬೇರೆ ದಾರಿ ಹಿಡಿಯಿತು. ಅವರು ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟರು. ಅವರಲ್ಲೇ ಕೆಲವರನ್ನು ಇತರರಿಗೆ ಕಲಿಸುವ ಮಾಸ್ಟರ್ ಟ್ರೈನರ್‌ಗಳನ್ನಾಗಿ ಮಾಡಿದರು. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬಿಟ್ಟು ಸ್ವತಂತ್ರ ತಂತ್ರಾಂಶ ಲಿನಕ್ಸ್ ಬಳಸಿದರು. ಎಸ್ಸೆಸ್ಸೆಲ್ಸಿಗೆ ಐಟಿಯನ್ನು ಪರೀಕ್ಷೆಯ ವಿಷಯವಾಗಿಸಿದರು. 2017ರಲ್ಲಿ ಅದು ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಗಿ ಬೆಳೆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಐಟಿ ಪಠ್ಯವಿದೆ. ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಈ ಎರಡು ರಾಜ್ಯಗಳ ಯೋಜನೆಗಳನ್ನು ಹೋಲಿಸಿ ಅಧ್ಯಯನ ಮಾಡಿದೆ. ಐಟಿ ರಾಜಧಾನಿ ಎಂದು ಹೆಸರಾದ ಊರಿರುವ ರಾಜ್ಯ ಹಿಂದೆ ಬಿದ್ದು, ಪಕ್ಕದ ರಾಜ್ಯ ಮುಂದೆ ಹೋದದ್ದು ನಮಗೆ ಸ್ವಲ್ಪ ನಾಚಿಕೆಯ ವಿಷಯವೇ. ಕೊನೆಗೆ ಕರ್ನಾಟಕವೂ ಮುಂದಿನ ಯೋಜನೆಗಳಲ್ಲಿ ಶಿಕ್ಷಕರ ತರಬೇತಿಗೇ ಬರಬೇಕಾಯಿತು.

ಇದು ನಮ್ಮ ದೇಶದ ರೋಗ ಮಾತ್ರವೆಂದು ಭಾವಿಸಬೇಡಿ. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಗಳ ರೋಗಿಗಳ ದಾಖಲೆಗಳನ್ನೆಲ್ಲ ಒಂದೇ ಜಾಲಕ್ಕೆ ತರುವ ಯೋಜನೆ 2002ರಲ್ಲಿ ಆರಂಭವಾಯಿತು. ಸುಮಾರು 1000 ಕೋಟಿ ಪೌಂಡಿನ ಬಾಬತ್ತು ಅದು. 2011ರಲ್ಲಿ ಸರ್ಕಾರವೇ ಅದನ್ನು ಬಿಚ್ಚಿ ಹಾಕಲು ತೀರ್ಮಾನಿಸಿತು. ಅದನ್ನು ಬಳಸಬೇಕಾದ ವೈದ್ಯರು, ದಾದಿಯರನ್ನು ಸರಿಯಾಗಿ ಕೇಳದೆ ಮೇಲಿನಿಂದ ಹೇರಿದರೆಂಬುದು ಅದರ ಮೇಲೆ ಬಂದ ದೊಡ್ಡ ಆರೋಪ. ಮಶ್ವರಾ ಇಲ್ಲದ ಕೆಲಸದಲ್ಲಿ ಬರಕತ್ ಇರುವುದಿಲ್ಲವೆಂದು ನಮ್ಮ ಹಿರಿಯರು ಹೇಳುವುದುಂಟು.

ಈಗ ನನ್ನ ಕಸುಬಿಗೆ ಹತ್ತಿರವಾದ ಒಂದು ವಿಷಯ. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವರಿಗೆ ಇದು ದಿನವೂ ಎದುರಾಗುತ್ತದೆ. ಹೆಸರಿನ ವಿಷಯ ಅದು.

ಉರ್ದುವಿನಲ್ಲಿ ‘ಝ’ ಧ್ವನಿಗೆ ನಾಲ್ಕು ಅಕ್ಷರಗಳಿವೆ: ಝೇ, ಝಾಲ್, ಝ್ವಾದ್, ಝೋಯ್. ‘ಸ’ ಧ್ವನಿಗೆ ಮೂರು. ಕನ್ನಡದಲ್ಲಿ ಇವೆಲ್ಲ ಒಂದೊಂದೇ ಅಕ್ಷರವಾಗುತ್ತವೆ. ಒಬ್ಬರು ‘ಝ’ ಬರೆಯುತ್ತಾರೆ, ಇನ್ನೊಬ್ಬರು ‘ಜ’. ಇಂಗ್ಲಿಷಿಗೆ ಹೋದಾಗ ಇನ್ನೂ ಗೊಂದಲ. ಕರಾವಳಿಯಲ್ಲಿ ‘ತ’ಕಾರಕ್ಕೆ ‘ಟಿ’ ಮತ್ತು ‘ಎಚ್’ ಎರಡನ್ನೂ ಸೇರಿಸಿ ಬರೆಯುವುದು ರೂಢಿ. ಉತ್ತರದ ಕಡೆಯವರು ಬರೀ ‘ಟಿ’ ಬರೆಯುತ್ತಾರೆ. ಹಾಗಾಗಿ ಫಾತಿಮಾ ಎಂಬ ಒಂದೇ ಹುಡುಗಿ ಜನನ ಪ್ರಮಾಣಪತ್ರದಲ್ಲಿ ‘ಎಚ್’ ಇಲ್ಲದೆ, ಆಧಾರಿನಲ್ಲಿ ‘ಎಚ್’ ಸಹಿತ, ಬ್ಯಾಂಕಿನಲ್ಲಿ ಫಾತಿಮತ್ ಆಗಿ, ಶಾಲೆಯಲ್ಲಿ ತಂದೆಯ ಇನಿಶಿಯಲ್ ಸೇರಿಸಿಕೊಂಡು ಇರುತ್ತಾಳೆ. ಮೊಹಮ್ಮದ್ ಎಂಬ ಪವಿತ್ರ ಹೆಸರಿನ ಕಥೆ ಕೇಳಲೇಬೇಡಿ. ಎಷ್ಟು ಬಗೆಯ ಸ್ಪೆಲ್ಲಿಂಗ್! ಪೂರ್ತಿ ಬರೆಯುವವರು, ಎರಡಕ್ಷರಕ್ಕೆ ಮೊಟಕು ಮಾಡುವವರು, ನಡುವೆ ಚುಕ್ಕೆ ಇಡುವವರು. ಬ್ಯಾರಿ ಮನೆಗಳಲ್ಲಿ ಮನೆತನದ ಹೆಸರನ್ನು ಕೊನೆಗೆ ಬರೆಯುವ ರೂಢಿ ಇಲ್ಲದವರೇ ಹೆಚ್ಚು. ಆದರೆ ಅರ್ಜಿಯಲ್ಲಿ ಸರ್‌ನೇಮ್ ಎಂಬ ಖಾನೆ ಖಾಲಿ ಬಿಡುವಂತಿಲ್ಲ. ಏನೋ ಒಂದು ತುಂಬಿಸಿ ಬಿಡುತ್ತಾರೆ. ಆ ‘ಏನೋ ಒಂದು’ ಜೀವನ ಪೂರ್ತಿ ಬೆನ್ನು ಹತ್ತುತ್ತದೆ.

ಹಿಂದೆ ಇದರಿಂದ ದೊಡ್ಡ ನಷ್ಟವಿರಲಿಲ್ಲ. ಹೆಡ್ಮಾಸ್ಟರು ಮಗುವಿನ ಮುಖ ನೋಡಿ, ತಂದೆಯನ್ನು ಕಂಡು, ಸಹಿ ಹಾಕುತ್ತಿದ್ದರು. ಈಗ ಮುಖ ನೋಡುವವರು ಯಾರೂ ಇಲ್ಲ. ರಾಜ್ಯದ ಸ್ಯಾಟ್ಸ್, ಕೇಂದ್ರದ ಯುಡೈಸ್ ಪ್ಲಸ್, ಆಧಾರ್, ಇವುಗಳ ನಡುವೆ ಹೆಸರು ಹೊಂದಬೇಕು. ವಿದ್ಯಾರ್ಥಿಗಳಿಗೆ ‘ಅಪಾರ್’ ಗುರುತು ಸಂಖ್ಯೆ ಮಾಡುವ ಕೆಲಸ ಜೋರಾದಾಗ ಶಾಲೆಗಳಿಗೆ ಬಂದ ದೊಡ್ಡ ತಲೆನೋವೇ ಹೆಸರು ತಾಳೆಯಾಗದ್ದು. ಯಂತ್ರಕ್ಕೆ ಫಾತಿಮಾ ಬೇರೆ, ಫಾತಿಮತ್ ಬೇರೆ. ಅದು ಸುಳ್ಳು ಹೇಳುತ್ತಿಲ್ಲ, ತನಗೆ ಹೇಳಿಕೊಟ್ಟಷ್ಟನ್ನೇ ಮಾಡುತ್ತಿದೆ. ಯೋಜನೆ ರೂಪಿಸಿದವರು ಎಲ್ಲೋ ಕುಳಿತು, ಎಲ್ಲರಿಗೂ ಹೆಸರು-ನಡುಹೆಸರು-ಕೊನೆಹೆಸರು ಇರುತ್ತದೆಂದು ನಂಬಿದ್ದರು. ನಮ್ಮ ಹೆಸರುಗಳ ರೀತಿ ಅವರಿಗೆ ಗೊತ್ತಿರಲಿಲ್ಲ, ನಾವೂ ಹೇಳಲಿಲ್ಲ.

ಅಕ್ಷರದ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಳೆಯ ಕಡತಗಳನ್ನು ‘ನುಡಿ’ಯಲ್ಲೋ ‘ಬರಹ’ದಲ್ಲೋ ಟೈಪ್ ಮಾಡಿಟ್ಟವರು ಅನೇಕರಿದ್ದಾರೆ. ಉರ್ದುವಿನವರು ‘ಇನ್‌ಪೇಜ್’ ಬಳಸಿದರು. ನಸ್ತಾಲೀಖ್ ಬರಹ ಅಷ್ಟು ಸುಂದರವಾಗಿ ಕಂಪ್ಯೂಟರಿನಲ್ಲಿ ಮೂಡಿದ್ದು ಅದರಿಂದಲೇ. ಆದರೆ ಯೂನಿಕೋಡ್ ಅಲ್ಲದ ಆ ಹಳೆಯ ಫೈಲುಗಳನ್ನು ಇಂದು ತೆರೆದರೆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂಚಲು ಕಾಣುತ್ತದೆ. ನೂರು ವರ್ಷದ ಹಿಂದಿನ ಮಸೀದಿಯ ಕೈಬರಹದ ಪುಸ್ತಕವನ್ನು ಓದಬಹುದು, ಇಪ್ಪತ್ತು ವರ್ಷದ ಹಿಂದಿನ ಸಿಡಿ ಓದಲಾಗದು. ಹೊಸ ಸಾಫ್ಟ್‌ವೇರ್ ತರುವಾಗ ಮಕ್ಕಳ ಹೆಸರು ಯೂನಿಕೋಡ್ ಕನ್ನಡದಲ್ಲಿ, ಸಾಧ್ಯವಾದರೆ ಉರ್ದುವಿನಲ್ಲೂ, ಇರಬೇಕೆಂದು ಹಟ ಹಿಡಿಯಬೇಕು. ಮಾರುವವರು ‘ಇಂಗ್ಲಿಷ್ ಸಾಕಲ್ಲ ಸಾರ್’ ಎನ್ನುತ್ತಾರೆ. ಸಾಲದು.

ವಿದ್ಯಾರ್ಥಿವೇತನದ ಬಗ್ಗೆ ಹೇಳಲೇಬೇಕು, ನಮ್ಮ ಸಮುದಾಯದ ಹೊಟ್ಟೆಗೆ ಬಿದ್ದ ಏಟು ಅದು. ಕೇಂದ್ರದ ಅಲ್ಪಸಂಖ್ಯಾತರ ವಿದ್ಯಾರ್ಥಿವೇತನ ರಾಷ್ಟ್ರೀಯ ಪೋರ್ಟಲಿಗೆ ಬಂದಾಗ ಇನ್ನು ಮಧ್ಯವರ್ತಿಗಳ ಕಾಟ ತಪ್ಪಿತೆಂದು ಎಲ್ಲರೂ ಸಂತೋಷಪಟ್ಟೆವು. 2023ರಲ್ಲಿ ಸರ್ಕಾರ 1572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯವೆಂದು ಕಂಡುಬಂತು. ತನಿಖೆ ಸಿಬಿಐಗೆ ಹೋಯಿತು. ಪೋರ್ಟಲ್ ಕೆಟ್ಟಿರಲಿಲ್ಲ. ಅದರಲ್ಲಿ ಸಂಸ್ಥೆಯ ನೋಡಲ್ ಅಧಿಕಾರಿ ಒಂದು ಗುಂಡಿ ಒತ್ತಬೇಕು, ಜಿಲ್ಲೆಯ ಅಧಿಕಾರಿ ಇನ್ನೊಂದು ಗುಂಡಿ ಒತ್ತಬೇಕು. ಇಲ್ಲದ ಶಾಲೆಯ ಇಲ್ಲದ ಮಕ್ಕಳಿಗೆ ಇಬ್ಬರೂ ಒತ್ತಿದರೆ ಪೋರ್ಟಲ್ ಏನು ಮಾಡೀತು? ಯಾರೂ ಹೋಗಿ ಶಾಲೆಯ ಬಾಗಿಲು ತಟ್ಟಿರಲಿಲ್ಲ. ಆಮೇಲೆ ನೋಡಲ್ ಅಧಿಕಾರಿಗಳಿಗೆ ಬೆರಳಚ್ಚು ಕಡ್ಡಾಯವಾಯಿತು. ಅಷ್ಟರಲ್ಲಿ ನಿಜವಾದ ಬಡ ಮಕ್ಕಳೂ ಅನುಮಾನದ ಸಾಲಿನಲ್ಲಿ ನಿಂತಾಗಿತ್ತು. ಒಂದರಿಂದ ಎಂಟನೇ ತರಗತಿಯವರೆಗಿನ ಮೆಟ್ರಿಕ್ ಪೂರ್ವ ವೇತನವಂತೂ 2022ರಲ್ಲೇ ನಿಂತಿತ್ತು. ಅಮಾನತ್ ಎಂಬ ಮಾತನ್ನು ನಾವು ಹಣದ ಪೆಟ್ಟಿಗೆಗೆ ಮಾತ್ರ ಬಳಸುತ್ತೇವೆ. ಲಾಗಿನ್, ಪಾಸ್‌ವರ್ಡ್ ಕೂಡ ಅಮಾನತ್ತೇ. ಅದನ್ನು ಸೈಬರ್ ಅಂಗಡಿಯ ಹುಡುಗನಿಗೆ ಕೊಟ್ಟು ‘ನೀನೇ ಎಲ್ಲ ಮಾಡಿಬಿಡು’ ಎನ್ನುವ ಸಂಸ್ಥೆಗಳಿಗೆ ಇದು ತಿಳಿದಿರಲಿ.

ಬ್ಯಾಂಕಿನದ್ದೂ ಇದೇ ಹಾಡು, ಆದರೆ ನಮ್ಮ ಜಿಲ್ಲೆಗೆ ಅದರಲ್ಲಿ ವಿಶೇಷ ಪಾಲಿದೆ. 1906ರಲ್ಲಿ ಉಡುಪಿಯಲ್ಲಿ ಖಾನ್ ಬಹಾದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು 5000 ರೂಪಾಯಿ ಬಂಡವಾಳದಲ್ಲಿ ಆರಂಭಿಸಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. 1925ರಲ್ಲಿ ಉಡುಪಿಯಲ್ಲೇ ಹುಟ್ಟಿದ ಇನ್ನೊಂದು ಬ್ಯಾಂಕು ಮಣಿಪಾಲದ ಸಿಂಡಿಕೇಟ್ ಬ್ಯಾಂಕ್. ಮನೆ ಮನೆಗೆ ಹೋಗಿ ದಿನದ ಚಿಲ್ಲರೆ ಸಂಗ್ರಹಿಸುವ ಪಿಗ್ಮಿಯನ್ನು ಅದು 1928ರಲ್ಲಿ ತಂದಿತು. ಪಿಗ್ಮಿಯವರ ಕೈಯಲ್ಲಿ ಕಂಪ್ಯೂಟರ್ ಇರಲಿಲ್ಲ, ಆದರೆ ಮೀನು ಮಾರುವ ಹೆಂಗಸಿನ ಹಣ ಯಾವ ಹೊತ್ತಿಗೆ ಕೈಯಲ್ಲಿರುತ್ತದೆಂದು ಗೊತ್ತಿತ್ತು. ವ್ಯವಸ್ಥೆ ಎಂದರೆ ಅದು. 2020ರ ಏಪ್ರಿಲ್ 1ರಂದು ಎರಡೂ ಬ್ಯಾಂಕುಗಳು ವಿಲೀನವಾದವು. ಒಂದು ಯೂನಿಯನ್ ಬ್ಯಾಂಕಿಗೆ, ಇನ್ನೊಂದು ಕೆನರಾ ಬ್ಯಾಂಕಿಗೆ. ಒಂದೇ ಬಗೆಯ ಸಾಫ್ಟ್‌ವೇರ್ ಬಳಸುವ ಬ್ಯಾಂಕುಗಳನ್ನೇ ಜೋಡಿಸಿದ್ದೇವೆ, ಹಾಗಾಗಿ ಕೂಡಿಕೆ ಸುಲಭವೆಂದು ಸರ್ಕಾರ ಹೇಳಿತ್ತು. ಅದು ಯಂತ್ರದ ಮಟ್ಟಿಗೆ ನಿಜ. ಆದರೆ 2021ರಲ್ಲಿ ಹಳೆಯ ಐಎಫ್‌ಎಸ್‌ಸಿ ಕೋಡುಗಳು ರದ್ದಾದಾಗ ಹಳೆಯ ಪಾಸ್‌ಬುಕ್ ನೋಡಿ ಅರ್ಜಿ ತುಂಬುವ ಅಜ್ಜಿಗೆ ಅದನ್ನು ಹೇಳುವವರು ಬೇಕಿತ್ತು. ಈಗ ಸರ್ಕಾರದ ಹಣ ಹೆಚ್ಚಾಗಿ ಆಧಾರ್ ಜೋಡಣೆಯಾದ ಖಾತೆಗೇ ಹೋಗುತ್ತದೆ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಜೋಡಿಸಿದ್ದಕ್ಕೆ. ‘ವೇತನ ಬಂದಿಲ್ಲ’ ಎಂದು ಶಾಲೆಗೆ ಬರುವ ಪೋಷಕರು ದಯವಿಟ್ಟು ಮೊದಲು ಯಾವ ಖಾತೆ ಜೋಡಣೆಯಾಗಿದೆ ಎಂದು ಬ್ಯಾಂಕಿನಲ್ಲಿ ಕೇಳಿ.

ಗಡುವಿನ ಬಗ್ಗೆ ಒಂದೇ ಒಂದು ಮಾತು. 2025ರ ಜೂನ್ 6ರಂದು ವಕ್ಫ್ ಆಸ್ತಿಗಳ ‘ಉಮೀದ್’ ಪೋರ್ಟಲ್ ಆರಂಭವಾಯಿತು. ದೇಶದ ಎಲ್ಲ ವಕ್ಫ್ ಆಸ್ತಿಗಳ ವಿವರ ತುಂಬಲು ಆರು ತಿಂಗಳು. ಡಿಸೆಂಬರ್ 6ರಂದು ಗಡುವು ಮುಗಿದಾಗ 5.17 ಲಕ್ಷ ಆಸ್ತಿಗಳ ಅರ್ಜಿ ಆರಂಭವಾಗಿತ್ತು, ಅಂತಿಮ ಒಪ್ಪಿಗೆ ಸಿಕ್ಕಿದ್ದು 2.16 ಲಕ್ಷಕ್ಕೆ. ಕಾನೂನಿನ ಚರ್ಚೆ ಬೇರೆ, ಅದು ಇಲ್ಲಿ ಬೇಡ. ಕೆಲಸದ ರೀತಿಯನ್ನಷ್ಟೇ ನೋಡಿ. ಹಳ್ಳಿಯ ಮಸೀದಿಯ ಮುತವಲ್ಲಿಗೆ ತಲೆಮಾರಿನ ಹಿಂದಿನ ದಾನಪತ್ರ ಹುಡುಕಬೇಕು, ಗಡಿ ಗುರುತಿಸಬೇಕು, ಸ್ಕ್ಯಾನ್ ಮಾಡಬೇಕು, ಮೂರು ಹಂತದ ಒಪ್ಪಿಗೆಗೆ ಕಾಯಬೇಕು. ಕೊನೆಯ ವಾರಗಳಲ್ಲಿ ಇಡೀ ದೇಶ ಒಂದೇ ಬಾಗಿಲಲ್ಲಿ ನುಗ್ಗುತ್ತದೆ. ದಾಖಲೆಯನ್ನು ಮೊದಲೇ ಸರಿಪಡಿಸಿಟ್ಟಿದ್ದ ಜಮಾಅತ್‌ಗಳು ದಡ ಸೇರಿದವು. ಅದೇ ವರ್ಷ ಸೆಪ್ಟೆಂಬರ್ 22ರಿಂದ ನಡೆದ ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಯಲ್ಲೂ ಆ್ಯಪ್, ಓಟಿಪಿ, ನೆಟ್‌ವರ್ಕ್ ತೊಂದರೆಗಳು ದಿನಪತ್ರಿಕೆಗಳಲ್ಲಿ ಬಂದವು, ಅವಧಿಯನ್ನು ವಿಸ್ತರಿಸಬೇಕಾಯಿತು. ಮನೆ ಮನೆ ಅಲೆದವರು ಶಿಕ್ಷಕರು.

ಸೂರಃ ಅಲ್‌ಬಕರದ 282ನೇ ವಚನ ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾದದ್ದು, ಕುರ್‌ಆನಿನ ಅತಿ ದೀರ್ಘ ವಚನ. ನ್ಯಾಯವಾಗಿ ಬರೆಯಬೇಕು, ಸಾಕ್ಷಿ ಇರಬೇಕು ಎಂಬುದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಬರೆಯುವವನಿಗೂ ಸಾಕ್ಷಿಗೂ ತೊಂದರೆ ಕೊಡಬಾರದೆಂಬ ಆದೇಶವೂ ಅದರಲ್ಲೇ ಇದೆ; ಅದನ್ನು ಮರೆಯುತ್ತೇವೆ. ಪಾಠ ಮುಗಿಸಿ, ರಾತ್ರಿ ಹನ್ನೊಂದಕ್ಕೆ ಸರ್ವರ್ ತೆರೆಯುತ್ತದೆಂದು ಎದ್ದು ಕುಳಿತು ಮಾಹಿತಿ ತುಂಬಿಸುವ ಟೀಚರ್ ಇಂದಿನ ಆ ಬರೆಯುವವಳು. ಅವಳಿಗೆ ಸಮಯ ಕೊಡದ, ತರಬೇತಿ ಕೊಡದ, ತಪ್ಪಾದರೆ ಮಾತ್ರ ಕರೆಸುವ ಸಂಸ್ಥೆಯಲ್ಲಿ ಯಾವ ಸಾಫ್ಟ್‌ವೇರೂ ನಿಲ್ಲುವುದಿಲ್ಲ.

ಕರಾವಳಿಯ ಇನ್ನೊಂದು ರೋಗವಿದೆ, ಗಲ್ಫಿನದ್ದು. ಸಂಸ್ಥೆಯ ಕಂಪ್ಯೂಟರ್ ಕೆಲಸವನ್ನೆಲ್ಲ ಒಬ್ಬ ಚುರುಕು ಯುವಕ ಪುಕ್ಕಟೆಯಾಗಿ ಮಾಡಿಕೊಡುತ್ತಾನೆ. ಅವನಿಗೆ ವೀಸಾ ಬರುತ್ತದೆ. ದುಬೈಗೋ ದಮ್ಮಾಮಿಗೋ ಹೋಗುವಾಗ ಅವನ ಜೊತೆ ಪಾಸ್‌ವರ್ಡೂ ಹೋಗುತ್ತದೆ. ಅವನ ತಪ್ಪಲ್ಲ, ಯಾರೂ ಕೇಳಿಕೊಂಡಿರಲಿಲ್ಲ. ಆದ್ದರಿಂದ ಸಮಿತಿಗೆ ನನ್ನ ವಿನಂತಿ: ಕನಿಷ್ಠ ಇಬ್ಬರಿಗೆ, ಅದರಲ್ಲಿ ಒಬ್ಬರು ಊರಲ್ಲೇ ಇರುವ ಮಹಿಳಾ ಸಿಬ್ಬಂದಿ, ಪೂರ್ತಿ ಕೆಲಸ ಗೊತ್ತಿರಬೇಕು. ಪಾಸ್‌ವರ್ಡುಗಳು ಮೊಹರು ಹಾಕಿದ ಲಕೋಟೆಯಲ್ಲಿ ಕಾರ್ಯದರ್ಶಿಯ ಬೀರುವಿನಲ್ಲಿರಲಿ. ಮಾರುವ ಕಂಪನಿಯೊಡನೆ ಕರಾರು ಮಾಡುವಾಗ, ನಾವು ಬಿಡುವ ದಿನ ನಮ್ಮ ಎಲ್ಲ ವಿವರವನ್ನು ಎಕ್ಸೆಲ್ ಹಾಳೆಯಲ್ಲಿ ವಾಪಸು ಕೊಡಬೇಕೆಂಬ ಸಾಲು ಇರಲಿ. ಅದಕ್ಕೆ ಒಪ್ಪದವರ ಡೆಮೋ ಎಷ್ಟು ಚಂದವಿದ್ದರೂ ಬೇಡ. ಹಾಗೆಯೇ ಎಲ್ಲವನ್ನೂ ಒಟ್ಟಿಗೆ ಆರಂಭಿಸಬೇಡಿ. ಮೊದಲ ವರ್ಷ ಶುಲ್ಕ ಮಾತ್ರ ಸಾಕು. ಝಕಾತ್ ನಿಧಿಯ ಫಲಾನುಭವಿಗಳ ಹೆಸರುಗಳು ಬೇರೆಯವರ ಸರ್ವರಿಗೆ ಹೋಗುವುದೇ ಬೇಡವೆಂಬುದು ನನ್ನ ಅಭಿಪ್ರಾಯ. ಬಡವರ ಮರ್ಯಾದೆಯ ವಿಷಯ ಅದು. ಆ ಪುಸ್ತಕ ಕೈಬರಹದಲ್ಲೇ ಇರಲಿ.

ಪೋಷಕರಿಗೆ ಒಂದು ಕೆಲಸ. ಇಂದು ರಾತ್ರಿ ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮತ್ತು ಶಾಲೆಯ ಪ್ರಗತಿ ಪತ್ರ ನಾಲ್ಕನ್ನೂ ಮೇಜಿನ ಮೇಲೆ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ವ್ಯತ್ಯಾಸವಿದ್ದರೆ ಒಂದು ಚೀಟಿಯಲ್ಲಿ ಬರೆದು ಬರುವ ವಾರ ಶಾಲೆಗೆ ತನ್ನಿ. ಒಂದನೇ ತರಗತಿಗೆ ಸೇರಿಸುವವರು ಸೇರಿಸುವ ಮೊದಲೇ ಇದನ್ನು ಮಾಡಿ. ಕೆಲವು ತಿದ್ದುಪಡಿಗಳು ಶಾಲೆಯಲ್ಲೇ ಆಗುತ್ತವೆ, ಕೆಲವಕ್ಕೆ ಬಿಇಒ ಕಚೇರಿಗೆ ಹೋಗಬೇಕು. ಎಂಟನೇ, ಒಂಬತ್ತನೇ ತರಗತಿಯವರು ತಡ ಮಾಡಬೇಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು ಅಚ್ಚಾದ ಮೇಲೆ ತಿದ್ದಿಸುವುದು ಬಲು ಕಷ್ಟ. ಉರ್ದುವಿನಲ್ಲಿ ಹೆಸರು ಹೇಗೆ ಬರೆಯುವುದೆಂದು ಸಂಶಯವಿದ್ದವರು ಶನಿವಾರ ಶಾಲೆ ಬಿಟ್ಟ ಮೇಲೆ ನನ್ನನ್ನು ಕಾಣಬಹುದು, ಬರೆದು ಕೊಡುತ್ತೇನೆ.